ಬನವಾಸಿಯೋ, ಮಿರ್ಜಾನ್ ಕೋಟೆಯೋ? ಆಯಿ ಜೊತೆ ಹೋಗಿ ನೋಡಿದ ಮೇಲೆ

ರಜೆಗೆ ಶಿರಸಿಗೆ ಬರುವ ನೆಂಟರೆಲ್ಲ ಕೇಳುತ್ತಾರೆ, ಒಂದು ದಿನದಲ್ಲಿ ನೋಡಿ ಬರುವಂಥ ಹಳೇ ಜಾಗ ಯಾವುದು ಅಂತ. ನಾನು ಬನವಾಸಿ ಎನ್ನುತ್ತೇನೆ. ಮೊದಲು ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಎನ್ನುತ್ತಿದ್ದೆ. ಹೋದ ಏಪ್ರಿಲ್‌ನಲ್ಲಿ ಆಯಿ (ಅಮ್ಮ) ಮತ್ತು ಅಕ್ಕನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದ ಮೇಲೆ ಮಾತು ಬದಲಾಯಿತು.

ಕೋಟೆಯಲ್ಲಿ ತಪ್ಪಿಲ್ಲ. ಚಿರೆಕಲ್ಲಿನ ಎರಡು ಸುತ್ತು ಗೋಡೆ, ಕಂದಕ, ಆಳದ ಬಾವಿಗಳು. 1552ರಿಂದ 1606ರವರೆಗೆ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನೆನಪು ಹೊತ್ತ ಜಾಗ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಈ ಕಡೆಯ ಮೆಣಸು ಹಡಗು ಹತ್ತುತ್ತಿದ್ದ ಬಂದರು ಮಿರ್ಜಾನ್. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡಿರುವ ನಮಗೆ ಅದು ದೂರದ ಕಥೆಯಲ್ಲ.

ನಮಗೆ ಕಾಡಿದ್ದು ಬಿಸಿಲು. ಏಳು ಗಂಟೆಗೆ ಬರಬೇಕಿದ್ದ ಬಾಡಿಗೆ ಕಾರು ಒಂಬತ್ತೂವರೆಗೆ ಬಂತು. ದೇವಿಮನೆ ಘಟ್ಟದ ತಿರುವುಗಳಲ್ಲಿ ಆಯಿಗೆ ವಾಂತಿ. ಎರಡು ಕಡೆ ನಿಲ್ಲಿಸಿ, ಲಿಂಬು ಮೂಸಿಸಿ, ಕುಮಟಾ ದಾಟುವಷ್ಟರಲ್ಲಿ ಹನ್ನೆರಡು ಹೊಡೆದಿತ್ತು. ಕೋಟೆಯ ಬಾಗಿಲಿನ ಮೆಟ್ಟಿಲು ಹತ್ತುವಾಗಲೇ ಆಯಿ ಮಂಡಿ ಹಿಡಿದುಕೊಂಡರು.

ಒಳಗೆ ಬಯಲು. ಕಾದ ಕಲ್ಲಿನ ಝಳ ಮುಖಕ್ಕೇ ಹೊಡೆಯುತ್ತಿತ್ತು. ತಂದಿದ್ದ ಎರಡು ಬಾಟಲಿ ನೀರು ಅರ್ಧ ಗಂಟೆಯಲ್ಲಿ ಖಾಲಿ. ಹುಡುಗ ಬುರುಜು ಹತ್ತೋಣ ಎಂದು ಹಟ ಮಾಡುತ್ತಾನೆ, ಆಯಿ ಗೋಡೆಯ ಗೇಣು ನೆರಳಲ್ಲಿ ಕೂತು "ನೀವು ಹೋಗಿ ಬನ್ನಿ" ಎನ್ನುತ್ತಾರೆ. ಅವರೊಬ್ಬರನ್ನೇ ಬಿಟ್ಟು ಹೇಗೆ ಹೋಗುವುದು? ಮುಕ್ಕಾಲು ಗಂಟೆಯಲ್ಲಿ ವಾಪಸ್. ಕಾರಿಗೆ 3,800 ರೂಪಾಯಿ. ದುಡ್ಡಿಗಿಂತ, ಆಯಿ ಏನನ್ನೂ ನೋಡಲಿಲ್ಲವಲ್ಲ ಎಂಬುದೇ ಮನಸ್ಸಿನಲ್ಲಿ ಉಳಿಯಿತು.

ಬನವಾಸಿಗೆ ಹೋದದ್ದು ಅದರ ಮುಂದಿನ ತಿಂಗಳು, ಬಸ್ಸಿನಲ್ಲಿ. ಘಟ್ಟ ಇಳಿಯುವುದಿಲ್ಲ, ಹತ್ತಿರದ ದಾರಿ. ಬಿಸಿಲು ಅಲ್ಲೂ ಇತ್ತು. ಆದರೆ ಮಧುಕೇಶ್ವರ ದೇವಸ್ಥಾನದ ಮಂಟಪದಲ್ಲಿ ಕಲ್ಲು ತಣ್ಣಗಿರುತ್ತದೆ. ಆಯಿ ಕಂಬಕ್ಕೆ ಒರಗಿ ಕೂತರು, ಎದುರಿಗೆ ದೊಡ್ಡ ನಂದಿ. ಅಂಗಳದ ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಎಂಟೂ ಜನರನ್ನು ಹುಡುಕಿ ಬಾ ಎಂದು ಹುಡುಗನಿಗೆ ಹೇಳಿದೆ. ಅವನು ಓಡಿ ಓಡಿ ಎಣಿಸಿದ. ಆಯಿಯ ಕಣ್ಣೆದುರೇ ಇದ್ದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಗರಕಲ್ಲು. ಐದು ಹೆಡೆಯ ನಾಗ, ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹ. ಕದಂಬರಿಗಿಂತಲೂ ಹಿಂದಿನದು, ಸಾತಕರ್ಣಿ ಅರಸರ ಕಾಲದ್ದು. ರಾಜನ ಮಗಳು ನಾಗಶಿಲೆ, ಕೆರೆ, ವಿಹಾರ ಮಾಡಿಸಿಕೊಟ್ಟಳು ಎಂದು ಅದರಲ್ಲಿದೆ. ಕೆತ್ತಿದವನ ಹೆಸರೂ ಇದೆ: ನಟಕ. ಅವನ ಗುರುವಿನ ಹೆಸರನ್ನೂ ಬಿಟ್ಟಿಲ್ಲ. ಇಷ್ಟು ಹಳೆಯ ಶಿಲ್ಪಿಯೊಬ್ಬನ ಹೆಸರು ಕಲ್ಲಿನ ಮೇಲೇ ಉಳಿದಿರುವುದು ಎಷ್ಟು ಅಪರೂಪ ಅಲ್ವಾ? ಆಯಿಗೆ ಇದನ್ನು ಹೇಳಿದೆ. ಎದ್ದು ಬಂದು ಆ ಕಲ್ಲಿಗೆ ಕೈ ಮುಗಿದರು.

ಶಿರಸಿ ಹತ್ತಿರದ ಸೋಂದಾಕ್ಕೂ ಹೋಗಿದ್ದೇವೆ. ವಾದಿರಾಜ ಮಠ, ಸ್ವಾದಿ ಜೈನ ಮಠ, ಹಾಳು ಕೋಟೆ, ಎಲ್ಲ ಚೆನ್ನ. ಆದರೆ ಒಂದರಿಂದ ಒಂದಕ್ಕೆ ಹೋಗಲು ಸ್ವಂತ ಗಾಡಿ ಬೇಕು. ಅದೇ ದಿನ ಸಹಸ್ರಲಿಂಗ ನೋಡುವುದಾದರೆ ಬೇಸಿಗೆಯೇ ಸರಿ, ಮಳೆಗಾಲದಲ್ಲಿ ಶಾಲ್ಮಲೆ ಹೊಳೆ ತನ್ನ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳನ್ನು ಮುಳುಗಿಸಿಬಿಡುತ್ತಾಳೆ.

ಕಾರವಾರದಲ್ಲಿ ಸಂಗ್ರಹಾಲಯವಾಗಿರುವ ಐಎನ್‌ಎಸ್ ಚಪಲ್ ಯುದ್ಧನೌಕೆ ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಶಿರಸಿಯಿಂದ ದೂರ ಜಾಸ್ತಿ, ಕಡಲ ತೀರದಲ್ಲೇ ಉಳಿಯುವವರು ನೋಡಲಿ.

ನಮ್ಮಲ್ಲಿ ಕಾರಿಲ್ಲ, ಆಯಿಗೆ ಮಂಡಿನೋವು, ನಾನೋ ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲುವವಳು. ಹಾಗಾಗಿ ನನಗೆ ಬನವಾಸಿಯೇ. ನೀವು ಬೈಕಿನವರಾದರೆ ಅಕ್ಟೋಬರ್‌ನಲ್ಲಿ, ಗೋಡೆಯ ಹಸಿರು ಒಣಗುವ ಮೊದಲು, ಬೆಳಿಗ್ಗೆ ಎಂಟರೊಳಗೆ ಮಿರ್ಜಾನ್ ಮುಟ್ಟಿ. ನೀರು ಜಾಸ್ತಿ ಒಯ್ಯಿರಿ.

ನಾವು ಮುಂದಿನ ಸಲ ಬನವಾಸಿಯಿಂದ ಗುಡ್ನಾಪುರಕ್ಕೆ ಆಟೋ ಮಾಡಿಕೊಂಡು ಹೋಗುತ್ತೇವೆ. ಕದಂಬ ರವಿವರ್ಮನ ಕಂಬದ ಶಾಸನ ಅಲ್ಲಿಯದು. ಅಲ್ಲಿ ಕೆರೆ ಇದೆ ಎಂದ ಕೂಡಲೇ ಆಯಿ ಒಪ್ಪಿದ್ದಾರೆ.