ಫಿಲಿಪ್ಸ್ ಹಾರ್ಟ್‌ಸ್ಟಾರ್ಟ್ ಎಫ್‌ಆರ್‌ಎಕ್ಸ್: ಪೊಲೀಸ್ ಕಾರಿಗೆ ಒಳ್ಳೆಯ ಎಇಡಿ, ನೋಡಿಕೊಳ್ಳುವವರು ಇದ್ದರೆ

ಮೊದಲೇ ಹೇಳಿಬಿಡುತ್ತೇನೆ. ಪೊಲೀಸ್ ಕಾರಿನಲ್ಲಿ ಇಡಲು ಎಫ್‌ಆರ್‌ಎಕ್ಸ್ ತುಂಬಾ ಒಳ್ಳೆಯ ಎಇಡಿ, ಅಂದರೆ ತಾಳ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಯಂತ್ರ. ಆದರೆ ಕೊಂಡ ದಿನ ಡಿಕ್ಕಿಗೆ ಹಾಕಿ, ಆಮೇಲೆ ಯಾರೂ ತಿರುಗಿ ನೋಡದ ಠಾಣೆಗೆ ಇದರಿಂದ ಪ್ರಯೋಜನ ಇಲ್ಲ. ಅಂಥ ಠಾಣೆಗೆ ಯಾವ ಕಂಪನಿಯ ಎಇಡಿ ಕೊಟ್ಟರೂ ಅಷ್ಟೇ.

ನಾನು ಅಮೆರಿಕದ ಮಿನ್ನೆಸೋಟಾದಲ್ಲಿ ವೈದ್ಯಕೀಯ ಉಪಕರಣಗಳ ತಪಾಸಣೆ ಮತ್ತು ರಿಪೇರಿ ಮಾಡುವ ಟೆಕ್ನೀಷಿಯನ್. ಆಸ್ಪತ್ರೆ ಕೆಲಸದ ಜೊತೆಗೆ ಸುತ್ತಲಿನ ಸಣ್ಣ ಊರುಗಳ ಪೊಲೀಸ್ ಕಾರುಗಳಲ್ಲಿರುವ ಎಇಡಿಗಳನ್ನೂ ನೋಡುತ್ತೇನೆ. ಬೇರೆ ಬೇರೆ ಕಂಪನಿಗಳವು ಕೈಗೆ ಬರುತ್ತವೆ. ಅವುಗಳಲ್ಲಿ ಎಫ್‌ಆರ್‌ಎಕ್ಸ್ ಬಗ್ಗೆಯೇ ಜನ ನನ್ನನ್ನು ಜಾಸ್ತಿ ಕೇಳುವುದು. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಇಡಿ ಗೊತ್ತಿಲ್ಲದವರಿಗೆ ಎರಡು ಮಾತು. ಹೃದಯದ ಒಳಗಿನ ಕರೆಂಟು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಹೃದಯ ಬಡಿಯುವುದು ಬಿಟ್ಟು ಸುಮ್ನೆ ಅದುರುತ್ತದೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಮನುಷ್ಯ ಕುಸಿದು ಬೀಳುತ್ತಾನೆ. ಆಗ ಎದೆಗೆ ಒಂದು ಶಾಕ್ ಕೊಟ್ಟರೆ ಆ ಗೊಂದಲ ನಿಂತು, ಹೃದಯ ತನ್ನ ತಾಳಕ್ಕೆ ಮರಳುವ ಅವಕಾಶ ಇರುತ್ತದೆ. ಎಇಡಿ ಮಾಡುವುದು ಇದನ್ನೇ. ಎದೆಗೆ ಎರಡು ಪ್ಯಾಡ್ ಅಂಟಿಸಿದರೆ ಅದೇ ಹೃದಯವನ್ನು ಓದುತ್ತದೆ, ಶಾಕ್ ಬೇಕೋ ಬೇಡವೋ ಅಂತ ಅದೇ ತೀರ್ಮಾನ ಮಾಡುತ್ತದೆ. ಬೇಡದವರಿಗೆ ನೀವು ಗುಂಡಿ ಒತ್ತಿದರೂ ಶಾಕ್ ಹೋಗುವುದಿಲ್ಲ. ಕೈಯಿಂದ ಎದೆ ಒತ್ತುವುದೂ (ಸಿಪಿಆರ್) ಇಲ್ಲದೆ, ಶಾಕ್ ಕೂಡ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಹತ್ತು ನಿಮಿಷ ಅಂದರೆ ಎಷ್ಟು ಉಳಿಯಿತು ಅಂತ ನೀವೇ ಲೆಕ್ಕ ಹಾಕಿ.

ಪೊಲೀಸರಿಗೆ ಯಾಕೆ ಇದು? ಆಂಬುಲೆನ್ಸ್ ಒಂದು ಕಡೆ ನಿಂತಿರುತ್ತದೆ, ಪೊಲೀಸ್ ಕಾರು ರಸ್ತೆಯಲ್ಲೇ ಓಡಾಡುತ್ತಿರುತ್ತದೆ. ಎಷ್ಟೋ ಸಲ ಮನೆ ಬಾಗಿಲಿಗೆ ಮೊದಲು ಬರುವವರು ಪೊಲೀಸರೇ. ಇದನ್ನು ಬಹಳ ಮುಂಚೆಯೇ ಗುರುತಿಸಿದ್ದು ನಮ್ಮದೇ ರಾಜ್ಯದ ರೋಚೆಸ್ಟರ್. ಮೇಯೋ ಕ್ಲಿನಿಕ್ ಅನ್ನುವ ದೊಡ್ಡ ಆಸ್ಪತ್ರೆ ಇರುವ ಊರು ಅದು. ಅಲ್ಲಿನ ಡಾ. ರೋಜರ್ ವೈಟ್ ಅವರ ಮುಂದಾಳತ್ವದಲ್ಲಿ 1990ರಲ್ಲೇ ಪೊಲೀಸ್ ಕಾರುಗಳಿಗೆ ಎಇಡಿ ಹಾಕಿದರು. 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಾಕ್ ಬೇಕಾದ ಸ್ಥಿತಿಯಲ್ಲಿದ್ದ 84 ಜನರಲ್ಲಿ 31 ಜನರಿಗೆ ಮೊದಲ ಶಾಕ್ ಕೊಟ್ಟದ್ದು ಪೊಲೀಸರು. ಆ 31ರಲ್ಲಿ 13 ಜನರಿಗೆ ಬರೀ ಶಾಕ್‌ನಿಂದಲೇ ನಾಡಿ ಮರಳಿತು, ಆ 13 ಜನರೂ ಆಸ್ಪತ್ರೆಯಿಂದ ಮನೆಗೆ ಹೋದರು. ಈ ಸಾಲು ಮೊದಲ ಸಲ ಓದಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಆಮೇಲೆ 1999ರಲ್ಲಿ ಫ್ಲೋರಿಡಾದ ಮಯಾಮಿ-ಡೇಡ್ ಕೌಂಟಿಯಲ್ಲಿ ಸುಮಾರು 1,900 ಪೊಲೀಸರಿಗೆ ಎಇಡಿ ಕೊಟ್ಟರು. ಶಾಕ್‌ಗೆ ಸ್ಪಂದಿಸುವ ಸ್ಥಿತಿಯಲ್ಲಿದ್ದವರಲ್ಲಿ ಬದುಕುಳಿದವರು ಮುಂಚೆ ಶೇಕಡಾ 9 ಇದ್ದದ್ದು 17ಕ್ಕೆ ಏರಿತು.

ಈಗ ಯಂತ್ರಕ್ಕೆ ಬರೋಣ.

ಎಫ್‌ಆರ್‌ಎಕ್ಸ್ ತೂಕ ಸುಮಾರು ಒಂದೂವರೆ ಕಿಲೋ. ಒಂದು ಕೈಯಲ್ಲಿ ಇದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ರೇಡಿಯೋದಲ್ಲಿ ಮಾತಾಡುತ್ತಾ ಮೆಟ್ಟಿಲು ಹತ್ತಬಹುದು. ಧೂಳು, ಚಿಮ್ಮುವ ನೀರು ಎರಡಕ್ಕೂ ತಡೆ ಇದೆ, ಐಪಿ55 ದರ್ಜೆ. ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬಿದ್ದರೂ ತಡೆದುಕೊಳ್ಳುವಂತೆ ಮಾಡಿದ್ದಾರೆ. ಪೊಲೀಸ್ ಕಾರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಆ ಡಿಕ್ಕಿಯಲ್ಲಿ ಟ್ರಾಫಿಕ್ ಕೋನು, ಗುಂಡು ನಿರೋಧಕ ಕವಚ, ಹಗ್ಗ, ಸ್ಟೆಪ್ನಿ ಎಲ್ಲಾ ಒಂದರ ಮೇಲೊಂದು ಬಿದ್ದಿರುತ್ತವೆ, ಕಾರು ಜೋರಾಗಿ ತಿರುಗಿದಾಗಲೆಲ್ಲ ಅವು ಅಲ್ಲಿಂದಿಲ್ಲಿಗೆ ಉರುಳುತ್ತವೆ.

ಬಳಸುವುದು ತೀರಾ ಸುಲಭ. ಹಸಿರು ಗುಂಡಿ ಒತ್ತಿ. ಅದೇ ಮಾತಾಡಲು ಶುರು ಮಾಡುತ್ತದೆ. ಬಟ್ಟೆ ತೆಗೆಯಿರಿ, ಪ್ಯಾಡ್ ಬಿಡಿಸಿ, ಚಿತ್ರದಲ್ಲಿ ಇರುವ ಹಾಗೆ ಅಂಟಿಸಿ ಅಂತ ಹೇಳುತ್ತದೆ. ನೀವು ತಡವಾದರೆ ಅದು ಕಾಯುತ್ತದೆ, ಮತ್ತೆ ಹೇಳುತ್ತದೆ. ಶಾಕ್ ಬೇಕು ಅಂದಾಗ ಕಿತ್ತಳೆ ಬಣ್ಣದ ಗುಂಡಿ ಮಿನುಗುತ್ತದೆ. ನೀಲಿ ಗುಂಡಿ ಒತ್ತಿದರೆ ಎದೆ ಒತ್ತುವುದು ಹೇಗೆ ಅಂತ ತಾಳದ ಸಮೇತ ಹೇಳಿಕೊಡುತ್ತದೆ. ಮಕ್ಕಳಿಗೆ ಬೇರೆ ಪ್ಯಾಡ್ ಬೇಕಿಲ್ಲ, ಇದು ನನಗೆ ಬಹಳ ಇಷ್ಟವಾದ ಅಂಶ. 8 ವರ್ಷದೊಳಗಿನ ಅಥವಾ 25 ಕಿಲೋಗಿಂತ ಕಡಿಮೆ ತೂಕದ ಮಗುವಾದರೆ ಒಂದು ಚಿಕ್ಕ ಕೀಲಿ ಸಿಕ್ಕಿಸಿದರೆ ಸಾಕು, ಶಾಕ್ 150 ಜೂಲ್‌ನಿಂದ 50ಕ್ಕೆ ಇಳಿಯುತ್ತದೆ. ಆ ಕೀಲಿಯನ್ನು ಬೇರೆಯಾಗಿ ಕೊಳ್ಳಬೇಕು. ಕೊಳ್ಳಿ. ದುಡ್ಡು ಉಳಿಸುವ ಜಾಗ ಇದಲ್ಲ. ಕೊಂಡ ಮೇಲೆ ಪೆಟ್ಟಿಗೆಗೇ ಕಟ್ಟಿ ಇಡಿ. ಠಾಣೆಯ ಡ್ರಾಯರ್‌ನಲ್ಲಿ ಕೂತ ಕೀಲಿ ಯಾವ ಮಗುವಿಗೂ ಆಗುವುದಿಲ್ಲ.

ಕೊರತೆ ಏನು ಅಂದರೆ, ಎದೆಯನ್ನು ನೀವು ಎಷ್ಟು ಆಳ ಒತ್ತುತ್ತಿದ್ದೀರಿ ಅಂತ ಇದು ಅಳೆಯುವುದಿಲ್ಲ. ಜೋಲ್ ಕಂಪನಿಯ ಎಇಡಿ ಪ್ಲಸ್ ಅಳೆಯುತ್ತದೆ, ಸಾಲದಿದ್ದರೆ ಇನ್ನೂ ಜೋರಾಗಿ ಒತ್ತಿ ಅನ್ನುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ತರಬೇತಿ ಪಡೆಯುವ ಪೊಲೀಸರಿಗೆ ಆ ಸಹಾಯ ದೊಡ್ಡದು, ಯಾಕೆಂದರೆ ಬೇಕಾದ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120, ಮತ್ತು ಗಾಬರಿಯಲ್ಲಿ ಹೆಚ್ಚಿನವರು ಮೇಲೆ ಮೇಲೆ ಒತ್ತುತ್ತಾರೆ. ಇನ್ನೊಂದು ಕೊರತೆ, ಎಫ್‌ಆರ್‌ಎಕ್ಸ್‌ನಲ್ಲಿ ದಾಖಲಾದ ಇಸಿಜಿಯನ್ನು ಹೊರತೆಗೆಯಲು ಹಳೆಯ ಕಾಲದ ಇನ್‌ಫ್ರಾರೆಡ್ ಕಿಂಡಿಯೇ ಗತಿ. ಈಗಿನ ಕೆಲವು ಮಾದರಿಗಳು ವೈಫೈ ಮೇಲೆ ತಾವೇ ಕಳಿಸುತ್ತವೆ.

ನಿರ್ವಹಣೆ ವಿಷಯದಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಜನ ಸಾಯುವುದು ಇಲ್ಲಿ.

ಎಫ್‌ಆರ್‌ಎಕ್ಸ್ ದಿನಾ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಎಲ್ಲಾ ಸರಿ ಇದ್ದರೆ ಹಸಿರು ದೀಪ ಮಿನುಗುತ್ತಿರುತ್ತದೆ. ಏನಾದರೂ ಕೆಟ್ಟರೆ ದೀಪ ಆರಿ, ಆಗಾಗ ಸಣ್ಣಗೆ ಕೂಗುತ್ತದೆ. ಮನೆಯಲ್ಲೋ ಆಫೀಸಿನ ಗೋಡೆ ಮೇಲೋ ಇದ್ದರೆ ಯಾರಿಗಾದರೂ ಕೇಳಿಸುತ್ತದೆ. ಕಾರಿನ ಡಿಕ್ಕಿಯಲ್ಲಿ ಕೂಗಿದರೆ ಯಾರಿಗೆ ಕೇಳಿಸಬೇಕು? ಎಂಜಿನ್ ಸದ್ದು, ರೇಡಿಯೋ ಸದ್ದು, ಬಾಗಿಲು ಮುಚ್ಚಿದ ಡಿಕ್ಕಿ. ಹಾಗಾಗಿ ಶಿಫ್ಟ್ ಶುರುವಾಗುವಾಗ ಡಿಕ್ಕಿ ತೆಗೆದು ದೀಪ ನೋಡುವುದು ಬಂದೂಕು, ಟೈರು ನೋಡಿಕೊಳ್ಳುವಷ್ಟೇ ಕಡ್ಡಾಯ ಆಗಬೇಕು. ಅರ್ಧ ನಿಮಿಷದ ಕೆಲಸ.

ದೀಪ ಹಸಿರಾಗಿದೆ ಅಂತ ಎಲ್ಲವೂ ಸರಿ ಅಂತಲೂ ಅಲ್ಲ. ಪ್ಯಾಡ್ ಪ್ಯಾಕೆಟ್ ಮೇಲೆ ಅಚ್ಚಾಗಿರುವ ತಾರೀಖನ್ನು ಯಂತ್ರ ಓದುವುದಿಲ್ಲ, ಅದನ್ನು ಮನುಷ್ಯರೇ ಓದಬೇಕು. ಪ್ಯಾಡ್‌ಗೆ ಸುಮಾರು ಎರಡು ವರ್ಷ ಆಯಸ್ಸು, ಬ್ಯಾಟರಿ ಹಾಕಿದ ಮೇಲೆ ನಾಲ್ಕು ವರ್ಷ. ಅವಧಿ ಮುಗಿದ ಪ್ಯಾಡಿನ ಜೆಲ್ ಒಣಗಿದರೆ ಎದೆಗೆ ಸರಿಯಾಗಿ ಅಂಟುವುದಿಲ್ಲ. ಒಂದು ಊರಿನ ಠಾಣೆಯಲ್ಲಿ ತಾರೀಖು ಮುಗಿದು ಎಷ್ಟೋ ಕಾಲ ಆಗಿದ್ದ ಪ್ಯಾಡುಗಳನ್ನು ಹೊತ್ತು ಕಾರುಗಳು ದಿನಾ ಗಸ್ತು ಹೊಡೆಯುತ್ತಿದ್ದವು. ಕೇಳಿದರೆ, ಅದು ಫೈರ್ ಇಲಾಖೆಯವರ ಕೆಲಸ ಅಂದುಕೊಂಡಿದ್ದೆವು ಅಂದರು. ಫೈರ್ ಇಲಾಖೆಯವರು ಪೊಲೀಸರ ಕೆಲಸ ಅಂದುಕೊಂಡಿದ್ದರು. ನನಗೆ ಆವತ್ತು ತುಂಬಾ ಸಿಟ್ಟು ಬಂತು. ಯಾರೂ ಕೆಟ್ಟವರಲ್ಲ, ಆದರೆ ಆ ಕಾರನ್ನು ನಂಬಿಕೊಂಡು ಫೋನ್ ಮಾಡುವವರಿಗೆ ಈ ಅಂದುಕೊಂಡಿದ್ದು ಗೊತ್ತಿರುವುದಿಲ್ಲ ಅಲ್ವಾ?

ತರಬೇತಿ ಪ್ಯಾಡಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎಫ್‌ಆರ್‌ಎಕ್ಸ್‌ಗೆ ತರಬೇತಿಯ ಪ್ಯಾಡ್ ಬೇರೆ ಬರುತ್ತದೆ. ಅದನ್ನು ಸಿಕ್ಕಿಸಿದ ಕೂಡಲೇ ಯಂತ್ರ ತರಬೇತಿ ಸ್ಥಿತಿಗೆ ಹೋಗುತ್ತದೆ, ಮಾತೆಲ್ಲಾ ಆಡುತ್ತದೆ, ನಿಜವಾದ ಶಾಕ್ ಮಾತ್ರ ಕೊಡುವುದಿಲ್ಲ. ಕಲಿಯಲು ಒಳ್ಳೆಯ ವ್ಯವಸ್ಥೆ. ಆದರೆ ತರಬೇತಿ ಮುಗಿಸಿ, ಎಲ್ಲರೂ ಊಟಕ್ಕೆ ಹೊರಡುವ ಗಡಿಬಿಡಿಯಲ್ಲಿ, ನಿಜವಾದ ಪ್ಯಾಡನ್ನು ಮತ್ತೆ ಸಿಕ್ಕಿಸದೆ ಪೆಟ್ಟಿಗೆಯನ್ನು ಕಾರಿಗೆ ಹಾಕಿದರೆ? ಆದ್ದರಿಂದ ನನ್ನ ಖಡಕ್ ಸಲಹೆ: ತರಬೇತಿಗೆ ಒಂದು ಯಂತ್ರವನ್ನೇ ಬೇರೆ ಇಡಿ, ಅದರ ಮೇಲೆ ದೊಡ್ಡದಾಗಿ ಬರೆಯಿರಿ, ಕಾರಿನ ಯಂತ್ರವನ್ನು ಕ್ಲಾಸಿಗೆ ತರಲೇಬೇಡಿ.

ಇನ್ನು ಚಳಿ. ಎಫ್‌ಆರ್‌ಎಕ್ಸ್ ಅನ್ನು 0ಯಿಂದ 50 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಬಹುತೇಕ ಎಇಡಿಗಳು ಕೆಲಸ ಮಾಡುವ ಕೆಳಮಿತಿಯೂ ಸೊನ್ನೆಯೇ. ನಮ್ಮಲ್ಲಿ ಜನವರಿಯಲ್ಲಿ ಮೈನಸ್ 20 ಆಗುವುದು ಮಾಮೂಲು. ರಾತ್ರಿಯಿಡೀ ಹೊರಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ ಸೊರಗುತ್ತದೆ, ಜೆಲ್ ಗಟ್ಟಿಯಾಗುತ್ತದೆ. ಬಿಸಿಲು ರಾಜ್ಯಗಳಲ್ಲಿ ಇದೇ ತಾಪತ್ರಯ ಉಲ್ಟಾ, ಮುಚ್ಚಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಕಷ್ಟವೇನಲ್ಲ. ನಾನು ನೋಡಿದ ಒಂದು ಪುಟ್ಟ ಠಾಣೆಯವರು ಇದಕ್ಕೆ ಚೆಂದದ ದಾರಿ ಮಾಡಿಕೊಂಡಿದ್ದಾರೆ. ಎಇಡಿಯನ್ನು ಡಿಕ್ಕಿಯಲ್ಲಿ ಇಡುವುದೇ ಇಲ್ಲ, ಹೀಟರ್ ತಗಲುವ ಹಾಗೆ ಮುಂದಿನ ಸೀಟಿನ ಹಿಂದೆ ಪಟ್ಟಿ ಕಟ್ಟಿ ಇಡುತ್ತಾರೆ, ಶಿಫ್ಟ್ ಮುಗಿದರೆ ಒಳಗೆ ತಂದು ಬಾಗಿಲ ಪಕ್ಕದ ಕಪಾಟಿನಲ್ಲಿ ಇಡುತ್ತಾರೆ, ಮುಂದಿನವರು ಸಹಿ ಹಾಕಿ ತೆಗೆದುಕೊಂಡು ಹೋಗುತ್ತಾರೆ. ಸಹಿ ಹಾಕುವಾಗ ಹೇಗೂ ದೀಪ ನೋಡುತ್ತಾರೆ. ಅಲ್ಲಿ ಒಬ್ಬ ಸಾರ್ಜೆಂಟ್ ಹೆಸರಿಗೆ ಈ ಕೆಲಸ ಬರೆದಿದ್ದಾರೆ, ಪ್ಯಾಡಿನ ತಾರೀಖೆಲ್ಲಾ ಅವರ ಪುಸ್ತಕದಲ್ಲಿದೆ. ಸಲ್ಯೂಟ್ ಅವರಿಗೆ.

ಪೆಟ್ಟಿಗೆ ಜೊತೆ ಒಂದು ಜತೆ ಹೆಚ್ಚುವರಿ ಪ್ಯಾಡ್, ಕತ್ತರಿ, ರೇಜರ್, ಟವೆಲ್, ಗ್ಲೌಸ್, ಉಸಿರು ಕೊಡುವ ಮಾಸ್ಕ್ ಇರಲಿ. ಹಿಮದಲ್ಲಿ ಬಿದ್ದವರ ಎದೆ ಒದ್ದೆಯಾಗಿರುತ್ತದೆ, ಒರೆಸದೆ ಪ್ಯಾಡ್ ಅಂಟುವುದಿಲ್ಲ. ಬಳಸಿದ ಮೇಲೆ ಪ್ಯಾಡ್ ಎಸೆಯಬೇಕು. ಹೆಚ್ಚುವರಿ ಇಲ್ಲದಿದ್ದರೆ ಆ ಕಾರು ಅವತ್ತಿನ ಮುಂದಿನ ಕರೆಗೆ ಬರಿಗೈಯಲ್ಲಿ ಹೋಗುತ್ತದೆ.

ಪೊಲೀಸರು ತಡಮಾಡುವುದು ಯಂತ್ರ ಗೊತ್ತಿಲ್ಲದ್ದಕ್ಕಲ್ಲ, ಹೆಚ್ಚಾಗಿ ಬಿದ್ದವರು ಇನ್ನೂ ಉಸಿರಾಡುತ್ತಿದ್ದಾರೆ ಅಂದುಕೊಂಡು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಬಾಯಿ ತೆರೆದು ಗೊರ್ರ್ ಅಂತ ಆಗೊಮ್ಮೆ ಈಗೊಮ್ಮೆ ಎಳೆಯುತ್ತಾರೆ. ಅದು ಉಸಿರಾಟ ಅಲ್ಲ. ಎಚ್ಚರ ಇಲ್ಲ, ಉಸಿರು ಸಹಜವಾಗಿಲ್ಲ ಅಂದರೆ ಎದೆ ಒತ್ತಲು ಶುರು ಮಾಡಿ, ಪ್ಯಾಡ್ ಅಂಟಿಸಿ. ಶಾಕ್ ಬೇಡದಿದ್ದರೆ ಯಂತ್ರವೇ ಬೇಡ ಅನ್ನುತ್ತದೆ.

ಊರಿನ ಮಾತೂ ಬರಲೇಬೇಕು. 2025ರ ಬೇಸಿಗೆ ಮುಗಿಯುತ್ತಿದ್ದ ಹಾಗೆ ಹಾಸನದಿಂದ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ ಇಲ್ಲಿನ ನಮ್ಮ ಕನ್ನಡದವರೆಲ್ಲ ಮನೆಗೆ ಫೋನ್ ಮಾಡಿದ್ದೇ ಮಾಡಿದ್ದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸಾರ್ವಜನಿಕ ಜಾಗಗಳಲ್ಲಿ ಎಇಡಿ ಇಡುವ ಮಾತನ್ನು ಸರ್ಕಾರ ಆಡಿದೆ. ತುಂಬಾ ಒಳ್ಳೆಯದು. ನನ್ನ ಆಸೆ, 112ಕ್ಕೆ ಫೋನ್ ಮಾಡಿದರೆ ಬರುವ ಹೊಯ್ಸಳ ಗಾಡಿಗಳಲ್ಲೂ ಇದು ಇರಲಿ. ಆದರೆ ಟೆಂಡರ್ ಕರೆಯುವ ದಿನವೇ ಪ್ಯಾಡ್, ಬ್ಯಾಟರಿಗೆ ಮುಂದಿನ ಎಂಟು ವರ್ಷದ ದುಡ್ಡನ್ನೂ ಸೇರಿಸಿಡಲಿ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಜೀಪಿನೊಳಗೆ ಇದನ್ನು ಎಲ್ಲಿ ಇಡುವುದು ಅಂತಲೂ ಆಗಲೇ ಯೋಚಿಸಲಿ.

ಅಂಕ ಕೇಳಿದರೆ ಯಂತ್ರಕ್ಕೆ ಐದಕ್ಕೆ ನಾಲ್ಕು. ಎದೆ ಒತ್ತುವ ಆಳ ಅಳೆಯುವುದಿಲ್ಲ ಅಂತ ಒಂದು ಕಡಿಮೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. 2005ರಿಂದ 2012ರ ನಡುವೆ ತಯಾರಾದ ಕೆಲವು ಹಾರ್ಟ್‌ಸ್ಟಾರ್ಟ್ ಯಂತ್ರಗಳಲ್ಲಿ ಒಳಗಿನ ಒಂದು ಬಿಡಿಭಾಗ ಕೈಕೊಟ್ಟು ಶಾಕ್ ಹೋಗದೇ ಇರಬಹುದು ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು, ಎಫ್‌ಆರ್‌ಎಕ್ಸ್ ಕೂಡ ಆ ಪಟ್ಟಿಯಲ್ಲಿತ್ತು. ಇದೊಂದೇ ಕಂಪನಿಯ ಕಥೆ ಅಲ್ಲ. 2005ರಿಂದ 2014ರವರೆಗೆ ಎಲ್ಲಾ ಕಂಪನಿಗಳ ಎಇಡಿಗಳ ಬಗ್ಗೆ ಎಫ್‌ಡಿಎಗೆ ಸುಮಾರು 72,000 ವೈಫಲ್ಯದ ವರದಿಗಳು ಬಂದಿದ್ದವು, ಅದಕ್ಕೇ 2015ರಲ್ಲಿ ನಿಯಮ ಬಿಗಿ ಮಾಡಿದರು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸಣ್ಣ ಊರಿನ ಠಾಣೆಯವರು ಹಳೆಯದನ್ನು ಕೊಳ್ಳುವುದನ್ನು ನೋಡಿದ್ದೇನೆ. ಹಿಂಬದಿಯ ಸೀರಿಯಲ್ ನಂಬರ್ ಇಟ್ಟುಕೊಂಡು ಕಂಪನಿಗೆ ಫೋನ್ ಮಾಡಿ, ವಾಪಸ್ ಕರೆದ ಪಟ್ಟಿಯಲ್ಲಿ ಇಲ್ಲ ಅಂತ ಖಾತ್ರಿ ಆದ ಮೇಲೆ ಮಾತ್ರ ದುಡ್ಡು ಕೊಡಿ.