ಹಾಟ್ ವಾಟರ್ ಬ್ಯಾಗ್, ನಾಲ್ಕು ವರ್ಷದ ಬಳಕೆ: ಬ್ಲೀಡಿಂಗ್ ಜಾಸ್ತಿ ಆಗುತ್ತಾ?

ಪೀರಿಯಡ್ಸ್ ಟೈಮಲ್ಲಿ ಹೊಟ್ಟೆಗೆ ಶಾಖ ಕೊಟ್ರೆ ಬ್ಲೀಡಿಂಗ್ ಜಾಸ್ತಿ ಆಗುತ್ತೆ ಅಂತ ನಮ್ಮನೇಲಿ ಎಲ್ರೂ ಹೇಳ್ತಾರೆ, ಅಮ್ಮ ಅಂತೂ "ಮೊದ್ಲೇ ಉಷ್ಣದ ಮೈ ನಿಂದು, ಇನ್ನೂ ಕಾವು ಕೊಟ್ರೆ ಹೋಗೋದು ನಿಲ್ಲಲ್ಲ ಕಣೆ" ಅಂತ ಬ್ಯಾಗ್ ಕಿತ್ತು ಎತ್ತಿಟ್ಬಿಡೋರು. ನಾನು ನಾಲ್ಕು ವರ್ಷದಿಂದ ಪ್ರತಿ ತಿಂಗ್ಳು ಬಳಸ್ತಾ ಇದೀನಿ, ಗೊತ್ತಾಗಿದ್ದನ್ನ ಬರೀತೀನಿ.

ಮೊದ್ಲು ತಗೊಂಡಿದ್ದು ಮೆಡಿಕಲ್ ಶಾಪಲ್ಲಿ ಸಿಗೋ ಸಾದಾ ರಬ್ಬರ್ ಬ್ಯಾಗು. ಕುದಿಯೋ ನೀರು ಹಾಕ್ಬಾರ್ದು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ, ಒಳಗಿರೋ ಗಾಳಿನೆಲ್ಲ ಒತ್ತಿ ಹೊರಗೆ ಬಿಟ್ಟು ಆಮೇಲೆ ಬಿರಡೆ ಬಿಗಿ ಮಾಡ್ಬೇಕು, ಇಲ್ಲಾಂದ್ರೆ ಬಲೂನ್ ಥರ ಉಬ್ಕೊಂಡು ಕಿಬ್ಬೊಟ್ಟೆ ಮೇಲೆ ನಿಲ್ಲೋದೇ ಇಲ್ಲ. ಆಮೇಲೆ ಕರೆಂಟ್ ಬ್ಯಾಗ್ ತಗೊಂಡೆ. ಹತ್ತು ನಿಮಿಷ ಚಾರ್ಜ್ ಮಾಡಿದ್ರೆ ಒಂದೂವರೆ ಗಂಟೆ ಬಿಸಿ ಇರುತ್ತೆ, ಆರಾಮಾಗಿತ್ತು, ಆದ್ರೆ ಎಂಟನೇ ತಿಂಗ್ಳಿಗೆ ಪಿನ್ ಚುಚ್ಚೋ ಜಾಗದಲ್ಲಿ ಒದ್ದೆ ಕಾಣಿಸ್ತು, ಅವತ್ತೇ ಬಿಸಾಕಿದೆ. ಮೈಮೇಲೆ ಇಟ್ಕೊಂಡು ಮಾತ್ರ ಚಾರ್ಜ್ ಮಾಡ್ಲೇಬೇಡಿ ದಯವಿಟ್ಟು. ಆಫೀಸ್ ದಿನಕ್ಕೆ ಹೀಟ್ ಪ್ಯಾಚ್ ಚೆನ್ನಾಗಿದೆ, ಅದ್ರೊಳಗೆ ಕಬ್ಬಿಣದ ಪುಡಿ ಇರುತ್ತೆ, ಕವರ್ ಹರಿದು ಗಾಳಿ ತಾಗಿದ ಕೂಡ್ಲೆ ಬಿಸಿ ಆಗುತ್ತೆ, ಆದ್ರೆ ದುಬಾರಿ. ಹಾಗಾಗಿ ಮನೇಲಿ ಮತ್ತೆ ರಬ್ಬರ್ ಬ್ಯಾಗೇ.

ಈಗ ಫ್ಲೋ ವಿಷ್ಯ. ಬ್ಯಾಗ್ ಶುರು ಮಾಡಿದ ಮೊದಲ ಮೂರು ತಿಂಗ್ಳು ನನಗೂ ಜಾಸ್ತಿ ಆದ ಹಾಗೇ ಅನ್ನಿಸ್ತು, ಮೊದ್ಲು 11 ಪ್ಯಾಡ್ ಸಾಕಾಗ್ತಿತ್ತು, ಆಮೇಲೆ 14 ಬೇಕಾಯ್ತು, ಅಮ್ಮ ಹೇಳಿದ್ದೇ ನಿಜ ಅಂತ ಭಯ ಆಯ್ತು. ಲೇಡಿ ಡಾಕ್ಟರ್ ಹತ್ರ ಹೋದಾಗ ಅವ್ರು ಕೇಳಿದ್ದು ಒಂದೇ ಪ್ರಶ್ನೆ, "ಮೊದ್ಲು ನೋವಿಗೆ ಏನು ತಗೋತಿದ್ದೆ?" ಮೆಫ್ಟಾಲ್ ಸ್ಪಾಸ್ ಅಂದೆ. "ಬ್ಯಾಗಿಂದಲ್ಲಮ್ಮ, ಮಾತ್ರೆ ಬಿಟ್ಯಲ್ಲ ಅದಕ್ಕೆ" ಅಂದ್ರು. ಗರ್ಭಕೋಶ ಹಿಂಡೋ ಹಾಗೆ ಮಾಡೋದು ಮೈಯಲ್ಲೇ ಆಗೋ ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ, ಆ ಮಾತ್ರೆಲಿರೋ ಮೆಫೆನಾಮಿಕ್ ಆಸಿಡ್ ಅದನ್ನ ತಡೆಯುತ್ತೆ, ನೋವಿನ ಜೊತೆ ಬ್ಲೀಡಿಂಗೂ ಸ್ವಲ್ಪ ಕಡಿಮೆ ಮಾಡುತ್ತೆ. ಶಾಖ ಬರೀ ಸ್ನಾಯು ಸಡಿಲ ಮಾಡುತ್ತೆ ಅಷ್ಟೇ. ಮನೆಗೆ ಬಂದು ಕ್ಯಾಲೆಂಡರ್‌ನಲ್ಲಿ ಪ್ಯಾಡ್ ಲೆಕ್ಕ ಬರೆಯೋಕೆ ಶುರು ಮಾಡಿದೆ, ಒಂದು ತಿಂಗ್ಳು ಮಾತ್ರೆನೂ ಇಲ್ಲ ಬ್ಯಾಗೂ ಇಲ್ಲ, ಹಲ್ಲು ಕಚ್ಕೊಂಡು ಕಳೆದೆ, ಆವಾಗ್ಲೂ 14. ನನ್ನ ಮೈಯಿಗೆ ಲೆಕ್ಕ ಸರಿ ಹೋಯ್ತು.

ಇನ್ನೊಂದು, ಬ್ಯಾಗ್ ಇಟ್ಕೊಂಡು ಒಂದು ಗಂಟೆ ಮಲಗಿ ಎದ್ದ ಕೂಡ್ಲೆ ದಡಕ್ ಅಂತ ಹೋಗುತ್ತಲ್ಲ, ಅದು ಮಲಗಿದ್ದಾಗ ಒಳಗೆ ನಿಂತಿದ್ದೇ ಹೊರಗೆ ಬರೋದು, ಬ್ಯಾಗ್ ಇಲ್ದೆ ಮಲಗಿ ಎದ್ರೂ ಹಾಗೇ ಆಗುತ್ತೆ.

ನೋವಿಗೆ ಕೆಲಸ ಮಾಡುತ್ತಾ ಅಂದ್ರೆ ನನಗೆ ಖಂಡಿತ ಮಾಡಿದೆ. 2001ರಲ್ಲೇ ಒಂದು ಸ್ಟಡಿಲಿ 39 ಡಿಗ್ರಿ ಹತ್ರದ ಪ್ಯಾಚನ್ನ ದಿನಕ್ಕೆ 12 ಗಂಟೆ ಹಾಕಿಸಿ ನೋಡಿದಾಗ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆಯಷ್ಟೇ ಆರಾಮ ಸಿಕ್ಕಿತ್ತು. ಅಂದ್ರೆ ಸುಡೋ ಬಿಸಿ ಬೇಕಾಗಿಲ್ಲ. ನಾನು ಎರಡನೇ ವರ್ಷ ಬಟ್ಟೆ ಸುತ್ತದೆ ದಿನವಿಡೀ ಇಟ್ಕೊಂಡು ಹೊಟ್ಟೆ ಮೇಲೆ ಬಲೆ ಥರ ಕಂದು ಗೆರೆ ಎದ್ದಿತ್ತು, ನೋವಿರ್ಲಿಲ್ಲ, ಹೋಗೋಕೆ ಮಾತ್ರ ಏಳೆಂಟು ತಿಂಗ್ಳು ಹಿಡೀತು. ಈಗ ಟವೆಲ್ ಸುತ್ತಿ, 20 ನಿಮಿಷ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಡ್ತೀನಿ.

ಇಷ್ಟೆಲ್ಲ ಬರೆಯೋಕೆ ಕಾರಣ ನಮ್ಮಕ್ಕ. ಅವಳಿಗೆ ಗಂಟೆಗೊಂದು ಪ್ಯಾಡ್, ದೊಡ್ಡ ದೊಡ್ಡ ಹೆಪ್ಪುಗಟ್ಟಿದ ರಕ್ತ, ಎಂಟು ಒಂಬತ್ತು ದಿನ ಹೋಗ್ತಾನೇ ಇತ್ತು. ಎಲ್ಲಾ ಬ್ಯಾಗಿನ ಉಷ್ಣದಿಂದಾನೇ ಅಂತ ಶಾಖ ಬಿಟ್ಟು, ಎಳನೀರು ಕುಡ್ಕೊಂಡು, ಒಂದು ವರ್ಷ ಡಾಕ್ಟರ್ ಹತ್ರಾನೇ ಹೋಗ್ಲಿಲ್ಲ. ಮೆಟ್ಟಿಲು ಹತ್ತೋಕಾಗ್ದೆ ಕೂತ್ಬಿಟ್ಟಾಗ ಕರ್ಕೊಂಡು ಹೋದ್ವಿ, ಹಿಮೋಗ್ಲೋಬಿನ್ 7, ಸ್ಕ್ಯಾನಲ್ಲಿ ಫೈಬ್ರಾಯ್ಡ್, ಅಂದ್ರೆ ಗರ್ಭಕೋಶದಲ್ಲಿ ಬೆಳೆಯೋ ಗಡ್ಡೆ. ಆ ಒಂದು ವರ್ಷ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಆಪರೇಷನ್ ಆಗಿ ಆರು ತಿಂಗ್ಳಾಯ್ತು, ಹಿಮೋಗ್ಲೋಬಿನ್ 11ಕ್ಕೆ ಬಂದಿದೆ, ಮೊನ್ನೆ ಬಂದವಳು ನನ್ನ ರಬ್ಬರ್ ಬ್ಯಾಗ್ ಇಸ್ಕೊಂಡು ಹೋಗಿದಾಳೆ, ನಾನು ಹೊಸದು ತಗೋಬೇಕು.