ಮಣ್ಣಿನ ತೇವ ತೋರಿಸುವ ಪ್ರೋಬ್: ಆ್ಯಪ್‌ನ ಬಣ್ಣ ಬಿಡಿ, ಗೆರೆ ನೋಡಿ

ಈ ಪ್ರೋಬ್‌ನ ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ದೊಡ್ಡದೊಂದು ಶೇಕಡಾ ಸಂಖ್ಯೆ. ಅದರ ಹಿಂದೆ ಹಸಿರೋ, ಹಳದಿಯೋ, ಕೆಂಪೋ ಒಂದು ಬಣ್ಣ. ಈ ಎರಡನ್ನೂ ನಾನು ಈಗ ನೋಡುವುದೇ ಇಲ್ಲ. ಬೆರಳಲ್ಲಿ ಸ್ವಲ್ಪ ಮೇಲಕ್ಕೆ ತಳ್ಳಿದರೆ ಎರಡು ಗೆರೆಯ ಗ್ರಾಫ್ ಬರುತ್ತದೆ. ಕೊಟ್ಟ ದುಡ್ಡಿಗೆ ಬೆಲೆ ಸಿಗುವುದು ಅಲ್ಲಿ. ಕಂಪನಿಯವರು ಅದನ್ನೇ ಮೂಲೆಗೆ ತಳ್ಳಿದ್ದಾರೆ ಅನ್ನುವುದು ನನ್ನ ಮೊದಲ ತಕರಾರು.

ಕಿಟ್‌ನಲ್ಲಿ ಬರುವುದು ಇಷ್ಟು: ಎರಡು ಆಳದಲ್ಲಿ ಅಳೆಯುವ ಒಂದು ಉದ್ದನೆಯ ಕೋಲು, ಅಂದರೆ 20 ಸೆಂ.ಮೀ. ಮತ್ತು 50 ಸೆಂ.ಮೀ. ಜೊತೆಗೆ ಪುಟ್ಟ ಸೋಲಾರ್ ಪ್ಲೇಟ್ ಇರುವ ಡಬ್ಬಿ, ಅದರೊಳಗೆ ಸಿಮ್, ಮತ್ತೆ ಮಣ್ಣು ಕೊರೆಯಲು ಒಂದು ತಿರುಪು. ನಾನಿದನ್ನು ಟೊಮೆಟೊ ಸಾಲಿನಲ್ಲಿ ಹೂತಿದ್ದೇನೆ. ಜೇಡಿ ಜಾಸ್ತಿ ಇರುವ ಮಣ್ಣು, ನೀರು ಡ್ರಿಪ್‌ನಲ್ಲಿ. ಪಕ್ಕದಲ್ಲೇ ಮರಳು ಮಣ್ಣಿನ ತುಂಡಿನಲ್ಲಿ ನಿಂಬೆ ಗಿಡಗಳಿವೆ. ಅಲ್ಲೂ ಕೆಲವು ವಾರ ಇಟ್ಟು ನೋಡಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ರೀತಿಯ ಕೋಲುಗಳು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ, ಕೆಳಗೆ ಹೇಳುವುದು ಹೆಚ್ಚುಕಡಿಮೆ ಎಲ್ಲಕ್ಕೂ ಅನ್ವಯಿಸುತ್ತದೆ.

ಮೊದಲು ಆ ಶೇಕಡಾ ಸಂಖ್ಯೆಯ ವಿಷಯ. ಕೋಲು ನೇರವಾಗಿ ನೀರನ್ನು ಅಳೆಯುವುದಿಲ್ಲ. ತನ್ನ ಸುತ್ತ ಒಂದು ವಿದ್ಯುತ್ ಕ್ಷೇತ್ರ ಹಬ್ಬಿಸಿ, ಮಣ್ಣು ಅದಕ್ಕೆ ಎಷ್ಟು ಸ್ಪಂದಿಸುತ್ತದೆ ಅಂತ ನೋಡುತ್ತದೆ. ಆ ಸ್ಪಂದನೆಯ ಅಳತೆಗೆ ಡೈಎಲೆಕ್ಟ್ರಿಕ್ ಸಂಖ್ಯೆ ಅನ್ನುತ್ತಾರೆ, ನೀರಿನದು ಸುಮಾರು 80. ಒಣ ಮಣ್ಣಿನದು 3ರಿಂದ 5, ಗಾಳಿಯದು 1. ಅಂತರ ಇಷ್ಟು ದೊಡ್ಡದಿರುವುದರಿಂದ ಸ್ವಲ್ಪ ನೀರು ಹೆಚ್ಚಾದರೂ ಅಳತೆಯಲ್ಲಿ ಗೊತ್ತಾಗುತ್ತದೆ. ಆದರೆ ಆ ಸಂಖ್ಯೆಯನ್ನು ನೀರಿನ ಶೇಕಡಾವಾರಿಗೆ ಬದಲಾಯಿಸಲು ಒಂದು ಸಮೀಕರಣ ಬೇಕು. ಕೆನಡಾದ ಟಾಪ್, ಡೇವಿಸ್ ಮತ್ತು ಅನ್ನಾನ್ 1980ರಲ್ಲಿ ಪ್ರಕಟಿಸಿದ ಸಮೀಕರಣ ಇದರಲ್ಲಿ ಎಲ್ಲರಿಗಿಂತ ಹೆಸರಾದದ್ದು. ಸಾಮಾನ್ಯ ಮಣ್ಣಿಗೆ ಇಂಥ ಸಮೀಕರಣ ಚೆನ್ನಾಗಿ ಹೊಂದುತ್ತದೆ. ಜೇಡಿ ಜಾಸ್ತಿಯಾದರೆ, ಗೊಬ್ಬರ ಜಾಸ್ತಿಯಾದರೆ, ಉಪ್ಪಿನಂಶ ಇದ್ದರೆ ಹಳಿ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಅಂತ ನಾನೇ ನೋಡಿದೆ. ಸರಿಯಾಗಿ 100 ಘನ ಸೆಂ.ಮೀ. ಮಣ್ಣು ಹಿಡಿಯುವ ಒಂದು ಉಕ್ಕಿನ ಬಳೆಯನ್ನು ಕೋಲಿನ ಪಕ್ಕದಲ್ಲೇ, ಅದೇ ಆಳದಲ್ಲಿ ಒತ್ತಿ ತೆಗೆದೆ. ಮಣ್ಣು 168 ಗ್ರಾಂ ಬಂತು. 105 ಡಿಗ್ರಿಯಲ್ಲಿ 24 ಗಂಟೆ ಓವನ್‌ನಲ್ಲಿ ಒಣಗಿಸಿ ತೂಗಿದರೆ 131. ಹೋದ 37 ಗ್ರಾಂ ಅಷ್ಟೂ ನೀರು, ಅಂದರೆ ಮಣ್ಣಿನಲ್ಲಿದ್ದದ್ದು ಶೇ 37. ಆ ಹೊತ್ತಿಗೆ ಆ್ಯಪ್ ತೋರಿಸುತ್ತಿದ್ದದ್ದು 44! ಮಣ್ಣು ಒಣಗಿದ ಮೇಲೆ ಇನ್ನೊಂದು ಸಲ ಮಾಡಿದೆ. ಆಗಲೂ ಆ್ಯಪ್ ಆರೇಳು ಜಾಸ್ತಿಯೇ ತೋರಿಸಿತು.

ಇದನ್ನು ಓದಿ ವಸ್ತುವೇ ದಂಡ ಅಂದುಕೊಳ್ಳಬೇಡಿ. ಒದ್ದೆ ಇದ್ದಾಗಲೂ ಒಣಗಿದಾಗಲೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ತೋರಿಸುತ್ತದೆ ಅಂದರೆ, ನಡುವಿನ ವ್ಯತ್ಯಾಸ ಸರಿ ಇದೆ ಅಂತಲೇ ಅರ್ಥ ಅಲ್ವಾ? ನೀರು ಬಿಡುವವನಿಗೆ ಬೇಕಾಗಿರುವುದು ಆ ವ್ಯತ್ಯಾಸ. ಆದರೆ ಆ್ಯಪ್‌ನ ಬಣ್ಣ ನಿಂತಿರುವುದು ಆ ಮೂಲ ಸಂಖ್ಯೆಯ ಮೇಲೆ. ನನ್ನ ಟೊಮೆಟೊ ಎಲೆ ಮುದುಡುತ್ತಿದ್ದ ದಿನವೂ ಅದು ಹಸಿರು ತೋರಿಸಿತು. ಮರಳು ಮಣ್ಣಿನಲ್ಲಿ, ನೀರು ಹಾಯಿಸಿದ ಮರುದಿನ ಬೆಳಿಗ್ಗೆಯೇ ಕೆಂಪು. ಮರಳು ತುಂಬಾ ನೀರು ಕುಡಿದು ನಿಂತಾಗಲೂ ಹಿಡಿದುಕೊಳ್ಳುವುದೇ ಶೇ 15ರ ಆಸುಪಾಸು, ಅದು ಬರಗಾಲವಲ್ಲ. ಸೆಟ್ಟಿಂಗ್ಸ್‌ನಲ್ಲಿ ಮಣ್ಣಿನ ವಿಧ ಆರಿಸಲು ಜಾಗ ಇದೆ, ಮೂರೇ ಮೂರು ಆಯ್ಕೆ. ಬದಲಾಯಿಸಿದರೂ ಬಣ್ಣದಲ್ಲಿ ದೊಡ್ಡ ಫರಕೇನೂ ಬರಲಿಲ್ಲ.

ಈಗ ಗೆರೆಯ ವಿಷಯಕ್ಕೆ ಬರುತ್ತೇನೆ. 20 ಸೆಂ.ಮೀ. ಗೆರೆ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಇಳಿಯಲು ಶುರು, ಸಂಜೆ ನಿಂತುಬಿಡುತ್ತದೆ, ರಾತ್ರಿಯಿಡೀ ಚಪ್ಪಟೆ. ಮರುದಿನ ಇನ್ನೊಂದು ಮೆಟ್ಟಿಲು. ಬೇರು ಹಗಲು ನೀರು ಎಳೆಯುತ್ತದೆ, ರಾತ್ರಿ ಎಲೆಯ ರಂಧ್ರ ಮುಚ್ಚಿರುವುದರಿಂದ ಹೆಚ್ಚೇನೂ ಎಳೆಯುವುದಿಲ್ಲ. ಮೆಟ್ಟಿಲು ಕಾಣುತ್ತಿದೆ ಅಂದರೆ ಬೇರು ಅಲ್ಲಿವರೆಗೆ ಬಂದಿದೆ ಅಂತ. ಸಸಿ ನೆಟ್ಟ ಹೊಸತರಲ್ಲಿ 50ರ ಗೆರೆಯಲ್ಲಿ ಮೆಟ್ಟಿಲೇ ಇರಲಿಲ್ಲ. ಗಿಡ ಹೂ ಬಿಡುವ ಹೊತ್ತಿಗೆ ಅಲ್ಲೂ ಸಣ್ಣ ಸಣ್ಣ ಮೆಟ್ಟಿಲು ಮೂಡಿದವು. ಅಗೆಯದೆಯೇ ಬೇರಿನ ಆಳ ಗೊತ್ತಾಯಿತು. ಇಷ್ಟು ಖುಷಿ ಕೊಟ್ಟದ್ದು ಈ ಕಿಟ್‌ನಲ್ಲಿ ಬೇರೆ ಯಾವುದೂ ಇಲ್ಲ.

ನೋಡಬೇಕಾದದ್ದು ಮೆಟ್ಟಿಲಿನ ಎತ್ತರ. ದಿನಾ ಒಂದೇ ಥರ ಬಿಸಿಲಿದ್ದರೆ ಮೆಟ್ಟಿಲೂ ಒಂದೇ ಎತ್ತರ ಇರಬೇಕು. ಬಿಸಿಲು ಕಡಿಮೆಯಾಗದೆ ಮೆಟ್ಟಿಲು ಮಾತ್ರ ಕುಗ್ಗಿತು ಅಂದರೆ ಗಿಡಕ್ಕೆ ನೀರು ಎಳೆಯಲು ಕಷ್ಟ ಆಗುತ್ತಿದೆ ಅಂತ. ನನ್ನ ಜೇಡಿ ಮಣ್ಣಿನಲ್ಲಿ ಅದು ಶುರುವಾಗುವುದು ಆ್ಯಪ್‌ನಲ್ಲಿ 37ರ ಹತ್ತಿರ. ಎಲೆ ಮುದುಡುವುದು ಅದಾದ ಮೇಲೆ. ಹಾಗಾಗಿ 38ಕ್ಕೆ ಬಂದಾಗ ನೀರು ಬಿಡುತ್ತೇನೆ. ನಿಮ್ಮ ಮಣ್ಣಿನಲ್ಲಿ ಆ ಸಂಖ್ಯೆ 25 ಇರಬಹುದು, 9 ಇರಬಹುದು. ನನ್ನದನ್ನು ನಕಲು ಮಾಡಬೇಡಿ.

ತುಂಬಿದ ಮಟ್ಟ ಕಂಡುಕೊಳ್ಳುವುದೂ ಹೀಗೇ. ಚೆನ್ನಾಗಿ ನೆನೆಯುವಷ್ಟು ನೀರು ಬಿಟ್ಟು ನಿಲ್ಲಿಸಿದರೆ ಗೆರೆ ಮೇಲೆ ಹೋಗಿ ಸರ್ರನೆ ಇಳಿಯುತ್ತದೆ. ಮಣ್ಣಿಗೆ ಹಿಡಿದಿಟ್ಟುಕೊಳ್ಳಲಾಗದ ನೀರು ಬಸಿದು ಹೋಗುತ್ತಿರುವುದು ಅದು. ಒಂದೆರಡು ದಿನದ ಮೇಲೆ, ರಾತ್ರಿ ಹೊತ್ತು ಗೆರೆ ಎಲ್ಲಿ ಸಮ ನಿಲ್ಲುತ್ತದೋ ಅದೇ ಮಣ್ಣು ಹಿಡಿಯುವ ಮಿತಿ. ನನಗೆ ಸಿಕ್ಕಿದ್ದು 44.

ಈ ಎರಡು ಸಂಖ್ಯೆ ಸಿಕ್ಕರೆ ಲೆಕ್ಕ ಸಲೀಸು. 44ರಿಂದ 38ಕ್ಕೆ ಅಂದರೆ ಶೇ 6. ಬೇರು ಜಾಸ್ತಿ ಇರುವುದು ಮೇಲಿನ 30 ಸೆಂ.ಮೀ.ನಲ್ಲಿ, ಅಂದರೆ 300 ಮಿ.ಮೀ. ಅದರ ಶೇ 6 ಅಂದರೆ 18 ಮಿ.ಮೀ. ನೀರು. ಒಂದು ಚದರ ಮೀಟರ್‌ಗೆ 1 ಮಿ.ಮೀ. ಅಂದರೆ 1 ಲೀಟರ್, ಹಾಗಾಗಿ ಚದರ ಮೀಟರ್‌ಗೆ 18 ಲೀಟರ್. ನನ್ನ ಡ್ರಿಪ್ಪರ್‌ಗಳು 40 ಸೆಂ.ಮೀ.ಗೆ ಒಂದು, ಗಂಟೆಗೆ 2 ಲೀಟರ್ ಬಿಡುತ್ತವೆ. ಒದ್ದೆಯಾಗುವ ಪಟ್ಟಿ ಅರ್ಧ ಮೀಟರ್ ಅಗಲ. ಒಂದು ಡ್ರಿಪ್ಪರ್ ಪಾಲಿಗೆ 0.2 ಚದರ ಮೀಟರ್, ಅದಕ್ಕೆ ಬೇಕಾದದ್ದು 3.6 ಲೀಟರ್. ಒಂದು ಗಂಟೆ ಮುಕ್ಕಾಲು ಬಿಟ್ಟರೆ ಸಾಕು. ಇಷ್ಟು ಲೆಕ್ಕವನ್ನು ಆ್ಯಪ್ ತಾನೇ ಮಾಡಿಕೊಡಬಹುದಿತ್ತು. ಬಣ್ಣ ಬಳಿಯುವುದರಲ್ಲೇ ಅದಕ್ಕೆ ಸಾಕಾಗಿದೆ.

ಈ ಲೆಕ್ಕಕ್ಕೆ ಮೊದಲು ಮೂರು ಗಂಟೆ ಪಂಪ್ ಓಡಿದ ದಿನಗಳ ಗ್ರಾಫ್ ತೆಗೆದು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಪ್ರತಿ ಸಲವೂ, ಕೆಲವು ಗಂಟೆ ಬಿಟ್ಟು, 50ರ ಗೆರೆಯೂ ಮೇಲೆ ಹೋಗಿದೆ. ಬೇರು ಇನ್ನೂ ಅಲ್ಲಿಗೆ ಇಳಿಯದಿದ್ದ ಕಾಲದಲ್ಲೂ ಹಾಗೇ. ಆ ನೀರು ಗಿಡಕ್ಕಲ್ಲ, ಪಾತಾಳಕ್ಕೆ. ನೀರೊಂದೇ ಹೋಗುವುದಿಲ್ಲ, ಯೂರಿಯಾ ಹಾಕಿದ್ದರೆ ಅದು ಮಣ್ಣಲ್ಲಿ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಈಗ ಒಂದು ಗಂಟೆ ಮುಕ್ಕಾಲಿಗೆ 50ರ ಗೆರೆ ಮೇಲೆ ಹೋಗುವುದಿಲ್ಲ. ಒಂದೇ ಆಳದ ಕೋಲು ಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅಗ್ಗ ಅಂತ ಒಂದೇ ಆಳದ್ದನ್ನು ತೆಗೆದುಕೊಳ್ಳುವವರು ಇದನ್ನು ಯೋಚಿಸಿ.

ಮಳೆಯಲ್ಲೂ ಉಪಯೋಗವಿದೆ. ಮಳೆ ಬಂತಲ್ಲ ಅಂತ ವಾಲ್ವ್ ಮುಚ್ಚಿ ಕೂರುವುದು ಎಲ್ಲರ ಅಭ್ಯಾಸ. ಸಣ್ಣ ಹನಿ ಮಳೆಗೆ 20ರ ಗೆರೆ ಮಿಸುಕುವುದೇ ಇಲ್ಲ. ಮೇಲೆ ಎರಡು ಬೆರಳಷ್ಟು ನೆನೆದು ಮರುದಿನ ಆವಿಯಾಗಿರುತ್ತದೆ.

ಕೂರಿಸುವ ಕೆಲಸದಲ್ಲಿ ಕಂಪನಿಗೆ ನಾನು ಅರ್ಧ ಅಂಕವೂ ಕೊಡುವುದಿಲ್ಲ. ಅವರು ಕೊಟ್ಟ ತಿರುಪು ಕೋಲಿಗಿಂತ ಕೂದಲೆಳೆಯಷ್ಟು ದಪ್ಪ. ತೂತು ಸಡಿಲ ಆಗುತ್ತದೆ, ಸುತ್ತ ಗಾಳಿ ಉಳಿಯುತ್ತದೆ. ಗಾಳಿಯ ಸಂಖ್ಯೆ 1 ಅಂತ ಮೇಲೆ ಹೇಳಿದೆನಲ್ಲ, ಕೋಲಿಗೆ ತಾಗಿಕೊಂಡೇ ಗಾಳಿ ಇದ್ದರೆ ಒದ್ದೆ ಮಣ್ಣೂ ಒಣಗಿದಂತೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಅಂದರೆ ನೀರು ಆ ಸಂದಿಯಲ್ಲೇ ಸೋರಿ ಕೆಳಗೆ ಹೋಗುವುದು. ನನ್ನಲ್ಲಿ ಪಂಪ್ ಹಾಕಿದ ಸ್ವಲ್ಪ ಹೊತ್ತಿಗೇ 50ರ ಗೆರೆ ಎದ್ದಿತು, 20ರದ್ದು ಆಮೇಲೆ. ಕೆಳಗಿನದ್ದು ಮೊದಲು ಒದ್ದೆಯಾದರೆ ಆ ಡೇಟಾವನ್ನು ನಂಬಬೇಡಿ. ಕಿತ್ತು, ತೂತಿನಿಂದ ಬಂದ ಮಣ್ಣನ್ನೇ ಜರಡಿ ಹಿಡಿದು, ನೀರಲ್ಲಿ ಗಟ್ಟಿಯಾಗಿ ಕಲಸಿ ತೂತಿಗೆ ತುಂಬಿ, ಕೋಲನ್ನು ಅದರೊಳಗೆ ಒತ್ತಿ ಇಳಿಸಿದೆ. ಮೇಲ್ಗಡೆ ಕತ್ತಿನ ಸುತ್ತ ಮಣ್ಣು ತುಳಿದು ಸಣ್ಣ ದಿಬ್ಬ ಮಾಡಿದೆ. ಆಮೇಲೆ ಸರಿಹೋಯಿತು. ಜೇಡಿ ಮಣ್ಣು ತೀರಾ ಒಣಗಿ ಬಿರುಕು ಬಿಟ್ಟರೆ ಮತ್ತೆ ಇದೇ ಕಥೆ, ಆಗಾಗ ಕತ್ತು ನೋಡುತ್ತಿರಬೇಕು.

ಜಾಗ ಆರಿಸುವುದೂ ಮುಖ್ಯ. ಕೋಲು ಓದುವುದು ತನ್ನ ಸುತ್ತಲಿನ ಕೆಲವೇ ಸೆಂ.ಮೀ. ಮಣ್ಣನ್ನು. ಡ್ರಿಪ್ಪರ್ ಬುಡದಲ್ಲೇ ಹೂತರೆ ಯಾವಾಗಲೂ ಕೆಸರು, ಎರಡು ಡ್ರಿಪ್ಪರ್ ನಡುವೆ ಹೂತರೆ ಯಾವಾಗಲೂ ಒಣ. ನಾನು ಡ್ರಿಪ್ಪರ್‌ನಿಂದ ಸ್ವಲ್ಪ ದೂರದಲ್ಲಿ, ಗಿಡದ ಪಕ್ಕ ಇಟ್ಟಿದ್ದೇನೆ. ಸಾಲಿನ ತುದಿ ಬೇಡ, ಅಲ್ಲಿ ಪೈಪಿನ ಒತ್ತಡ ಬೇರೆ ಇರುತ್ತದೆ. ಕೊರಗಿದ ಗಿಡದ ಹತ್ತಿರ ಅಂತೂ ಬೇಡವೇ ಬೇಡ.

ಇನ್ನು ಸಣ್ಣಪುಟ್ಟವು. ಡ್ರಿಪ್‌ನಲ್ಲಿ ಗೊಬ್ಬರ ಬಿಟ್ಟ ದಿನ ಗೆರೆ ಒಂದೆರಡು ಅಂಕ ಸುಮ್ನೆ ಮೇಲೇರುತ್ತದೆ. ಅದು ಉಪ್ಪಿನ ಆಟ, ನೀರಲ್ಲ. ಮಣ್ಣು ಬಿಸಿಯಾದಾಗಲೂ ಮೇಲಿನ ಗೆರೆ ಸ್ವಲ್ಪ ಉಬ್ಬುತ್ತದೆ, ಹಾಗಾಗಿ ದಿನದಿನಕ್ಕೆ ಹೋಲಿಸುವುದಾದರೆ ಬೆಳಗಿನ ಜಾವದ ಓದನ್ನು ಮಾತ್ರ ಹೋಲಿಸಿ. ಕೇಬಲ್ಲನ್ನು ಇಲಿ ಕಡಿದ ಮೇಲೆ ಪೈಪ್ ಒಳಗೆ ಹಾಯಿಸಿದ್ದೇನೆ. ಬ್ಯಾಟರಿ ಬಗ್ಗೆ ದೂರಿಲ್ಲ, ಮೋಡ ಕವಿದ ವಾರಗಳಲ್ಲೂ ಡಬ್ಬಿ ಸತ್ತಿಲ್ಲ. ಡೇಟಾ ಬರುವುದು ಗಂಟೆಗೊಮ್ಮೆ, ನೀರು ಬಿಡುವ ಹೊತ್ತಿನಲ್ಲಾದರೂ ಕಾಲು ಗಂಟೆಗೊಮ್ಮೆ ಬಂದಿದ್ದರೆ ಚೆನ್ನಾಗಿತ್ತು. ಹಳೆಯ ಡೇಟಾ ಆ್ಯಪ್‌ನಲ್ಲಿ ಒಂದು ತಿಂಗಳು ಮಾತ್ರ ಉಳಿಯುತ್ತದೆ. ಡೌನ್‌ಲೋಡ್ ಬಟನ್ ಇಲ್ಲ, ಮೇಲ್ ಬರೆದು ಕೇಳಿದರೆ ಫೈಲ್ ಕಳಿಸುತ್ತಾರೆ. ನಮ್ಮದೇ ಮಣ್ಣಿನ ಡೇಟಾಗೆ ಅರ್ಜಿ ಹಾಕಬೇಕು ನೋಡಿ.

ಇಷ್ಟು ಖರ್ಚು ಬೇಡ ಅನ್ನುವವರು ಟೆನ್ಸಿಯೋಮೀಟರ್ ನೋಡಬಹುದು. ನೀರು ತುಂಬಿದ ಕೊಳವೆ, ಕೆಳಗೆ ಪಿಂಗಾಣಿ ಬಟ್ಟಲು, ಮೇಲೆ ಮುಳ್ಳಿನ ಮೀಟರ್. ಮಣ್ಣಲ್ಲಿ ಎಷ್ಟು ನೀರಿದೆ ಅಂತ ಅದು ಹೇಳುವುದಿಲ್ಲ. ಆ ನೀರನ್ನು ಎಳೆಯಲು ಬೇರು ಎಷ್ಟು ಜಗ್ಗಬೇಕು ಅಂತ ಹೇಳುತ್ತದೆ. ಹಾಗಾಗಿ ಮಣ್ಣಿನ ವಿಧ ಯಾವುದಿದ್ದರೂ ಸಮೀಕರಣದ ರಗಳೆ ಇಲ್ಲ. ಆದರೆ ಆ ಜಗ್ಗಾಟ 80 ಕಿಲೋಪ್ಯಾಸ್ಕಲ್ (ಒತ್ತಡದ ಅಳತೆ) ದಾಟಿದರೆ ಒಳಗೆ ಗಾಳಿ ಸೇರಿ ಕೈಕೊಡುತ್ತದೆ, ಮತ್ತೆ ನೀರು ತುಂಬಬೇಕು. ಜೇಡಿ ಮಣ್ಣಿನಲ್ಲಿ ಅಷ್ಟರ ಆಚೆಗೂ ಗಿಡಕ್ಕೆ ಸಿಗುವ ನೀರು ಉಳಿದಿರುತ್ತದೆ. ಮರಳಿನಲ್ಲಿ ಆ ಚಿಂತೆ ಇಲ್ಲ, ಅಲ್ಲಿ ಗಿಡಕ್ಕೆ ಸಿಗುವ ನೀರಿನ ಬಹುಪಾಲು ಆ ಮಿತಿಯೊಳಗೇ ಮುಗಿದಿರುತ್ತದೆ.

ಕೈತೋಟಕ್ಕೆ ಅಂತ ಮಾರುವ ಎರಡು ಮುಳ್ಳಿನ ಅಗ್ಗದ ಮೀಟರ್ ಕೂಡ ಚುಚ್ಚಿ ನೋಡಿದೆ. ಒಂದೇ ಜಾಗದಲ್ಲಿ ಎರಡು ಸಲ ಚುಚ್ಚಿದರೆ ಎರಡು ಉತ್ತರ. ಅದರ ಬದಲು ಒಂದು ಸಲಾಕೆ ಇಟ್ಟುಕೊಂಡು ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ ನೋಡುವುದೇ ವಾಸಿ.

ಟೊಮೆಟೊ ಸಾಲಿನಲ್ಲಿ ಈ ಕೋಲು ಇರುತ್ತದೆ, ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹೋದ ಒಂದೂವರೆ ಅಂಕ ಆ ತಿರುಪಿಗೆ ಮತ್ತು ಡೌನ್‌ಲೋಡ್ ಬಟನ್ ಇಲ್ಲದ್ದಕ್ಕೆ. ನಿಂಬೆ ಗಿಡಗಳಿಗೆ ಇನ್ನೊಂದು ಕೋಲು ತೆಗೆದುಕೊಳ್ಳುವುದಿಲ್ಲ, ಅಲ್ಲಿ ಎರಡು ಟೆನ್ಸಿಯೋಮೀಟರ್ ಸಾಕು, ಒಂದು ಮೇಲೆ ಒಂದು ಆಳಕ್ಕೆ.